ದುರಸ್ತಿಯ ಧರ್ಮ

ಕೆಟ್ಟ ವಸ್ತುವನ್ನು ಎಸೆಯದೆ ನೆಟ್ಟಗೆ ಮಾಡಿಕೊಂಡು ಬಳಸುವುದನ್ನು ನಮ್ಮ ಹಿರಿಯರು ಗೃಹಸ್ಥನ ಗುಣಗಳಲ್ಲಿ ಒಂದೆಂದು ಎಣಿಸಿದ್ದರು. ಹರಿದ ಬಟ್ಟೆಗೆ ತೇಪೆ, ಸೋರುವ ಮಾಡಿಗೆ ಹೊಸ ಹಂಚು, ಸಡಿಲವಾದ ಗುದ್ದಲಿಯ ಕಾವಿಗೆ ಬೆಣೆ, ಸವೆದ ಹಿತ್ತಾಳೆ ಪಾತ್ರೆಗೆ ಕಲಾಯಿ, ಇವುಗಳಲ್ಲಿ ಮಿತವ್ಯಯವಿದ್ದಂತೆಯೇ ವಸ್ತುವನ್ನು ಮಾಡಿದವನ ಶ್ರಮಕ್ಕೆ ಸಲ್ಲತಕ್ಕ ಮರ್ಯಾದೆಯೂ ಇತ್ತು. ಯಂತ್ರಗಳ ಕಾಲದಲ್ಲಿ ಈ ಗುಣವು ಕುಂದುತ್ತ ಬಂದಿದೆಯೆಂಬುದು ಎಲ್ಲರೂ ಆಡುವ ಮಾತು. ಆದುದರಿಂದ ಎಲ್ಲಿಯಾದರೂ ಸತ್ತ ಯಂತ್ರವೊಂದನ್ನು ಮನೆಯವರೇ ಬದುಕಿಸಿದರೆಂದು ಕೇಳಿದಾಗ ನಮಗೆ ಸಂತೋಷವಾಗುವುದು ಸಹಜವಾಗಿದೆ. ಆದರೆ ಈ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ. ಯಂತ್ರವು ಮತ್ತೆ ನಡೆಯಿತೆಂದ ಮಾತ್ರಕ್ಕೆ ಅದು ದುರಸ್ತಾಯಿತೆಂದು ಹೇಳಬಹುದೆ? ಹಾಗೆ ಹೇಳಿ ಅದನ್ನು ಇನ್ನೊಬ್ಬರ ಕೈಗೆ ಕೊಡಬಹುದೆ? ಗಣಕಯಂತ್ರಗಳ ಒಂದು ಅಂಗವನ್ನು ಒಲೆಯಲ್ಲಿಟ್ಟು ಬೇಯಿಸಿ ಬದುಕಿಸುವ ವಿಚಿತ್ರವಾದ ರೂಢಿಯೊಂದುಂಟು. ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಅದಕ್ಕಿಂತ ತಕ್ಕ ಉದಾಹರಣೆಯು ದೊರೆಯುವುದು ಕಷ್ಟ.

ಗ್ರಾಫಿಕ್ಸ್ ಕಾರ್ಡ್ ಎಂಬುದು ಗಣಕಯಂತ್ರದ ತೆರೆಯ ಮೇಲೆ ಮೂಡುವ ಚಿತ್ರಗಳನ್ನು ಲೆಕ್ಕ ಹಾಕಿ ರಚಿಸುವ ಫಲಕವು. ಅದರ ನಡುವೆ ಅಂಚೆಯ ಚೀಟಿಯಷ್ಟು ಅಗಲದ ಒಂದು ಸಿಲಿಕಾನಿನ ಬಿಲ್ಲೆಯಿದೆ. ಈ ಬಿಲ್ಲೆಯು ಒಂದು ಚಿಕ್ಕ ಹಲಗೆಯ ಮೇಲೆ ಕುಳಿತಿದೆ. ಆ ಚಿಕ್ಕ ಹಲಗೆಯು ದೊಡ್ಡ ಫಲಕದ ಮೇಲೆ ಕುಳಿತಿದೆ. ಮನೆಯ ಎರಡು ಅಂತಸ್ತುಗಳಂತಿರುವ ಇವುಗಳ ನಡುವೆ ಕಂಬಗಳಾಗಿ ನಿಂತಿರುವುವು ಬೆಸುಗೆಯ ಗುಂಡುಗಳು. ಕೆಳಗಿನ ಅಂತಸ್ತಿನಲ್ಲಿರುವುವು ಸಾಸಿವೆಯಷ್ಟಿದ್ದರೆ ಮೇಲಿನವು ಕಣ್ಣಿಗೆ ಕಾಣದಷ್ಟು ಸಣ್ಣವು. ಮೇಲಿನ ಗುಂಡುಗಳ ಸುತ್ತಲೂ ಅವುಗಳಿಗೆ ಆಸರೆಯಾಗಲೆಂದು ಒಂದು ಬಗೆಯ ಗಟ್ಟಿ ಅಂಟನ್ನು ತುಂಬಿರುತ್ತಾರೆ. ಯಂತ್ರವು ಕೆಲಸ ಮಾಡುವಾಗ ಇವೆಲ್ಲವೂ ಕಾಯುತ್ತವೆ, ನಿಂತಾಗ ಆರುತ್ತವೆ. ಕಾದಾಗ ಸಿಲಿಕಾನು ಹಿಗ್ಗುವುದು ಕಡಿಮೆ, ಹಲಗೆಯು ಹಿಗ್ಗುವುದು ಹೆಚ್ಚು. ಈ ಹಿಗ್ಗುಕುಗ್ಗುಗಳ ಜಗ್ಗಾಟವು ಸಾವಿರಾರು ಸಲ ನಡೆದ ಮೇಲೆ ಯಾವುದೋ ಒಂದು ಕಂಬದಲ್ಲಿ ಕೂದಲೆಳೆಯಂತಹ ಬಿರುಕು ಬೀಳುತ್ತದೆ. ತೆರೆಯ ಮೇಲೆ ಮೊದಲು ಅಡ್ಡಾದಿಡ್ಡಿ ಗೆರೆಗಳು ಕಾಣುತ್ತವೆ, ಆಮೇಲೆ ಕತ್ತಲೆ.

ಅಮೆರಿಕ ಯೂರೋಪುಗಳಲ್ಲಿ ರೊಟ್ಟಿ ಸುಡುವ ಓವನ್ನು ಮನೆಮನೆಯಲ್ಲಿಯೂ ಇರುವುದಷ್ಟೆ. ಈ ಶತಮಾನದ ಮೊದಲ ದಶಕವು ಮುಗಿಯುವ ಹೊತ್ತಿಗೆ ಅಲ್ಲಿಯ ಗಣಕಪ್ರಿಯರಲ್ಲಿ ಒಂದು ಉಪಾಯವು ಬಾಯಿಂದ ಬಾಯಿಗೆ ಹಬ್ಬಿತು. ಸತ್ತ ಕಾರ್ಡಿನಿಂದ ಫ್ಯಾನನ್ನೂ ಶಾಖವನ್ನು ಹೊರಹಾಕುವ ಲೋಹದ ತುಂಡನ್ನೂ ಪ್ಲಾಸ್ಟಿಕ್ ಭಾಗಗಳನ್ನೂ ಕಳಚುವುದು. ಅಲ್ಯೂಮಿನಿಯಮ್ ಹಾಳೆಯ ಉಂಡೆಗಳ ಮೇಲೆ ಅದನ್ನು ತಟ್ಟೆಯಲ್ಲಿಡುವುದು. ಫ್ಯಾರನ್‌ಹೀಟ್ ಮಾನದಲ್ಲಿ ೩೮೫, ಎಂದರೆ ಸೆಲ್ಸಿಯಸ್ ಮಾನದಲ್ಲಿ ಸುಮಾರು ೧೯೬ ಡಿಗ್ರಿಗೆ ಕಾದ ಓವನ್ನಿನಲ್ಲಿ ಎಂಟು ಹತ್ತು ನಿಮಿಷ ಬೇಯಿಸುವುದು. ಅಲುಗಿಸದೆ ಆರಿಸಿ ಮತ್ತೆ ಜೋಡಿಸುವುದು. ಹೀಗೆ ಮಾಡಿದ ಕಾರ್ಡುಗಳಲ್ಲಿ ಹಲವು ನಿಜವಾಗಿಯೂ ಎದ್ದು ನಡೆದವು. ಕತ್ತಲೆಯಾಗಿದ್ದ ತೆರೆಯು ಬೆಳಗಿತು. ಬೆಸುಗೆಯು ಕರಗಿ ಬಿರುಕು ಮುಚ್ಚಿಕೊಂಡಿತೆಂದು ಎಲ್ಲರೂ ಕಾರಣವನ್ನು ಹೇಳಿಕೊಂಡರು. ಕಾರಣವು ಕೇಳುವುದಕ್ಕೆ ಸರಿಯಾಗಿಯೇ ಇತ್ತು.

ಈ ಕಾರಣವನ್ನು ಲೆಕ್ಕದ ಒರೆಗಲ್ಲಿಗೆ ತಿಕ್ಕಿ ನೋಡೋಣ. ಹಿಂದಿನ ಕಾಲದ ಬೆಸುಗೆಯು ನೂರಕ್ಕೆ ೬೩ ಪಾಲು ತವರ, ೩೭ ಪಾಲು ಸೀಸ ಬೆರೆತದ್ದು. ಅದು ೧೮೩ ಡಿಗ್ರಿಯಲ್ಲಿ ಕರಗುತ್ತದೆ. ಆದರೆ ಸೀಸವು ವಿಷವಾದುದರಿಂದ ವಿದ್ಯುದ್ಯಂತ್ರಗಳಲ್ಲಿ ಅದರ ಬಳಕೆಯನ್ನು ಯೂರೋಪಿನ ಒಕ್ಕೂಟವು ೨೦೦೬ರ ಜುಲೈ ೧ರಿಂದ ನಿರ್ಬಂಧಿಸಿತು. ಅಲ್ಲಿಂದೀಚೆಗೆ ಹೆಚ್ಚಾಗಿ ಬಳಕೆಗೆ ಬಂದ ಬೆಸುಗೆಯಲ್ಲಿ ತವರ ೯೬.೫, ಬೆಳ್ಳಿ ೩, ತಾಮ್ರ ೦.೫ ಪಾಲು. ಇದು ಕರಗಲಾರಂಭಿಸುವುದೇ ೨೧೭ ಡಿಗ್ರಿಯಲ್ಲಿ. ಇನ್ನು ಬಿಲ್ಲೆಯ ಅಡಿಯ ಕಿರುಗುಂಡುಗಳ ವಿಷಯ: ಅವುಗಳಿಗೆ ಕಾನೂನು ವಿನಾಯಿತಿ ಕೊಟ್ಟಿದ್ದಿತು, ಆ ಕಾಲದ ಅನೇಕ ಚಿಪ್ಪುಗಳಲ್ಲಿ ಅವು ಸೀಸವೇ ಹೆಚ್ಚಾಗಿರುವ ಬೆರಕೆಯವು, ಅವು ಕರಗಲು ೩೦೦ ಡಿಗ್ರಿಯ ಆಸುಪಾಸಿನ ಶಾಖ ಬೇಕು. ಮನೆಯ ಓವನ್ನಿನ ಮಾಪಕವು ಹತ್ತಿಪ್ಪತ್ತು ಡಿಗ್ರಿ ತಪ್ಪುವುದುಂಟೆಂದು ಒಪ್ಪಿಕೊಂಡರೂ ೧೯೬ಕ್ಕೂ ೩೦೦ಕ್ಕೂ ನಡುವಿನ ಅಂತರವು ಅದರಿಂದ ತುಂಬಲಾರದು. ಎಂದಮೇಲೆ ಹೊಸ ಬೆಸುಗೆಯ ಕಾರ್ಡುಗಳಲ್ಲಿ, ಕರಗಿತೆಂದು ಯಾವುದನ್ನು ಹೇಳಿದರೋ ಅದು ಸಾಮಾನ್ಯವಾಗಿ ಕರಗಿರಲೇ ಇಲ್ಲ.

ಹಾಗಾದರೆ ಕಾರ್ಡು ಎದ್ದುದು ಹೇಗೆ? ಈ ಕೆಲಸದಲ್ಲಿ ನುರಿತವರು ಕೊಡುವ ವಿವರಣೆಯು ಹೀಗಿದೆ. ಶಾಖಕ್ಕೆ ಬಿಲ್ಲೆಯ ಅಡಿಯ ಅಂಟು ಮೆದುವಾಗುತ್ತದೆ, ಪದರಗಳು ಹಿಗ್ಗಿ ಜರುಗುತ್ತವೆ, ಬಿರಿದ ಕಂಬದ ಎರಡು ತುದಿಗಳು ಮತ್ತೆ ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿಕೊಂಡವುಗಳ ಮೂಲಕ ವಿದ್ಯುತ್ತು ಹರಿಯುತ್ತದೆ. ಆದರೆ ಅವು ಬೆಸೆದುಕೊಂಡಿರುವುದಿಲ್ಲ. ಮತ್ತೆ ಕಾಯುವುದು, ಆರುವುದು ನಡೆದಂತೆಲ್ಲ ಆ ತುದಿಗಳು ಅಗಲುತ್ತವೆ. ಕೆಲವು ಕಾರ್ಡುಗಳು ಕೆಲವು ದಿನ, ಕೆಲವು ಕೆಲವು ತಿಂಗಳು ನಡೆದು ಹಿಂದಿನಂತೆಯೇ ಸಾಯುವುದಕ್ಕೆ ಇದೇ ಕಾರಣ. ಎರಡನೆಯ ಸಲ ಬೇಯಿಸಿದರೆ ಅಯುಷ್ಯವು ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆ.

ಇದಕ್ಕೆ ಬಲವಾದ ಸಾಕ್ಷ್ಯವು ಇನ್ನೊಂದು ಯಂತ್ರದ ಕಥೆಯಲ್ಲಿ ದೊರೆಯುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ೩೬೦ ಎಂಬ ಆಟದ ಯಂತ್ರವು ಕೆಟ್ಟಾಗ ಅದರ ಮುಖದ ಮೇಲೆ ಕೆಂಪು ದೀಪಗಳ ಉಂಗುರ ಮೂಡುತ್ತಿತ್ತು. ಜನರು ಯಂತ್ರಕ್ಕೆ ಟವೆಲುಗಳನ್ನು ಸುತ್ತಿ, ಚಾಲೂ ಮಾಡಿ, ಅದರ ಬಿಸಿಯಲ್ಲಿಯೇ ಅದನ್ನು ಬೇಯಿಸುತ್ತಿದ್ದರು. ಟವೆಲಿನೊಳಗಿನ ಬಿಸಿಯು ಬೆಸುಗೆಯನ್ನು ಕರಗಿಸತಕ್ಕದ್ದಲ್ಲ. ಆದರೂ ಕೆಲವು ಯಂತ್ರಗಳು ಏಳುತ್ತಿದ್ದವು, ಮತ್ತೆ ಬೀಳುತ್ತಿದ್ದವು. ೨೦೦೭ರ ಜುಲೈ ತಿಂಗಳಲ್ಲಿ ಆ ಸಂಸ್ಥೆಯು ಈ ದೋಷಕ್ಕೆ ಮೂರು ವರ್ಷಗಳ ಜವಾಬ್ದಾರಿಯನ್ನು ಹೊತ್ತು, ಅದಕ್ಕಾಗಿ ೧೦೫ ಕೋಟಿಯಿಂದ ೧೧೫ ಕೋಟಿ ಡಾಲರುಗಳ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯಿತು. ಹದಿನಾಲ್ಕು ವರ್ಷಗಳ ಮೇಲೆ, ೨೦೨೧ರಲ್ಲಿ ಅದೇ ಸಂಸ್ಥೆಯು ಹೊರತಂದ ಸಾಕ್ಷ್ಯಚಿತ್ರದಲ್ಲಿ ನಿಜವಾದ ಕಾರಣವನ್ನು ಅವರೇ ವಿವರಿಸಿದರು: ಮುರಿದದ್ದು ದೊಡ್ಡ ಫಲಕದ ಮೇಲಿನ ಬೆಸುಗೆಯಲ್ಲ, ಚಿಪ್ಪಿನ ಒಳಗಿನ ಜೋಡಣೆಗಳು; ಮುರಿಯಲು ಕಾರಣ, ಯಂತ್ರವನ್ನು ಹೊತ್ತಿಸಿ ಆರಿಸುವಾಗಿನ ಕಾವಿನ ಏರಿಳಿತ.

ಇಲ್ಲಿ ನಮ್ಮ ತರ್ಕಶಾಸ್ತ್ರದ ಹಳೆಯ ನ್ಯಾಯವೊಂದು ನೆನಪಿಗೆ ಬರುತ್ತದೆ. ಕಾಗೆಯು ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂದು ಕಾಗೆಯೇ ಹಣ್ಣನ್ನು ಬೀಳಿಸಿತೆಂದು ತಿಳಿಯುವುದು ಕಾಕತಾಲೀಯ. ಓವನ್ನಿನ ವಿಷಯವು ಪೂರ್ಣವಾಗಿ ಹಾಗಲ್ಲ. ಶಾಖಕ್ಕೂ ಫಲಕ್ಕೂ ಸಂಬಂಧವಿದೆ. ಆದರೆ ಸಂಬಂಧವಿದೆಯೆಂದು ತಿಳಿಯುವುದು ಬೇರೆ, ಎಂತಹ ಸಂಬಂಧವೆಂದು ತಿಳಿಯುವುದು ಬೇರೆ. ಇದಲ್ಲದೆ ಸೋತವರು ಮಾತಾಡುವುದು ಕಡಿಮೆ. ಹರಕೆ ಫಲಿಸಿದವರು ಗುಡಿಯಲ್ಲಿ ಗಂಟೆಯನ್ನು ಕಟ್ಟುತ್ತಾರೆ. ಫಲಿಸದವರು ಕಟ್ಟಿದ ಗಂಟೆಯನ್ನು ಯಾರು ಕಂಡಿದ್ದಾರೆ? ಕಾರ್ಡು ಎದ್ದ ದಿನ ಅದರ ಸುದ್ದಿಯನ್ನು ಹೇಳಿದವನು ಮೂರು ತಿಂಗಳ ಮೇಲೆ ಅದು ಮತ್ತೆ ಸತ್ತಾಗ ಅಷ್ಟೇ ಉತ್ಸಾಹದಿಂದ ಹೇಳುವುದಿಲ್ಲ. ಹೀಗೆ ಕೇಳುವವರ ಕಿವಿಗೆ ಗಂಟೆಯ ನಾದವೊಂದೇ ಬೀಳುತ್ತದೆ.

ಇದಕ್ಕೆ ಪೂರ್ವಪಕ್ಷವೊಂದನ್ನು ಎತ್ತಬಹುದು: “ಕಾರಣವು ತಿಳಿಯದಿದ್ದರೇನಂತೆ? ಫಲವು ಬಂದರೆ ಸಾಲದೆ? ಜ್ವರದ ಕಷಾಯವನ್ನು ಕುಡಿಯುವ ಅಜ್ಜಿಗೆ ರಸಾಯನಶಾಸ್ತ್ರವು ಗೊತ್ತಿತ್ತೆ? ಹೇಗೂ ಕಸಕ್ಕೆ ಹೋಗುವ ಕಾರ್ಡು. ಬೇಯಿಸಿದರೆ ಎರಡು ತಿಂಗಳಾದರೂ ನಡೆದೀತು. ಬಡ ವಿದ್ಯಾರ್ಥಿಗೆ ಆ ಎರಡು ತಿಂಗಳೇ ಪರೀಕ್ಷೆಯ ಕಾಲವಾಗಿದ್ದರೆ ಅದು ಅಲ್ಪವೆ?” ಈ ಮಾತಿನಲ್ಲಿ ಬಹುಮಟ್ಟಿಗೆ ಸತ್ಯವಿದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ತನ್ನ ವಸ್ತುವನ್ನು ತಾನು, ಅದು ಹೋದರೂ ಹೋಗಲಿ ಎಂದು ಒಪ್ಪಿಕೊಂಡು, ಪರೀಕ್ಷೆಗೆ ಒಡ್ಡುವವನಲ್ಲಿ ನಮಗೆ ಯಾವ ದೋಷವೂ ಕಾಣದು. ಕೈಚೆಲ್ಲಿ ಕೂರುವವನಿಗಿಂತ ಅವನೇ ಮೇಲು. ಅಂತಹ ಕೈಗಳಿಂದಲೇ ಅನೇಕ ವಿದ್ಯೆಗಳು ಹುಟ್ಟಿವೆ. ಆದರೆ ಅವನ ಕೆಲಸವು ಮತ್ತೊಬ್ಬರನ್ನು ಮುಟ್ಟಿದ ಕ್ಷಣದಿಂದ ಲೆಕ್ಕವು ಬೇರೆಯಾಗುತ್ತದೆ. ಹಾಗೆ ಮುಟ್ಟತಕ್ಕವರು ಇಬ್ಬರು: ಆ ಮನೆಯಲ್ಲಿ ಉಣ್ಣುವವರು ಮತ್ತು ಆ ಕಾರ್ಡನ್ನು ಕೊಳ್ಳುವವರು.

ಮೊದಲು ಮನೆಯವರ ವಿಷಯ. ಕಾರ್ಡೆಂಬುದು ರಾಳ, ಗಾಜಿನ ನೂಲು, ಪ್ಲಾಸ್ಟಿಕ್ಕು, ಬೆಸುಗೆಗೆ ಹಚ್ಚಿದ ರಾಸಾಯನಿಕಗಳು ಇವುಗಳ ಕೂಟ. ೨೦೦೬ಕ್ಕಿಂತ ಹಳೆಯದಾದರೆ ಸೀಸವೂ ಸಾಮಾನ್ಯ. ಕಾಯಿಸಿದಾಗ ಇವುಗಳಿಂದ ಹೊರಡುವ ಹೊಗೆಯು ಓವನ್ನಿನ ಗೋಡೆಗಳಿಗೂ ಅಡಿಗೆಮನೆಯ ಗಾಳಿಗೂ ಸೇರುತ್ತದೆ. ಮರುದಿನ ಅದೇ ಓವನ್ನಿನಲ್ಲಿ ಬೆಂದ ರೊಟ್ಟಿಯನ್ನು ತಿನ್ನುವ ಮಗುವನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ. ಸಾಹಸವು ತನ್ನದಾಗಿ ಅಪಾಯವು ಪರರದಾದರೆ ಅದನ್ನು ಧೈರ್ಯವೆಂದು ಕರೆಯಲಾಗದು. ಈ ಕೆಲಸವನ್ನು ಮಾಡಿಯೇ ತೀರುವವನು ಅಡಿಗೆಗೆ ಮತ್ತೆಂದೂ ಬಳಸದ ಬೇರೊಂದು ಓವನ್ನನ್ನು, ಮನೆಯ ಹೊರಗೆ, ಗಾಳಿಯಾಡುವ ಕಡೆ ಇಟ್ಟುಕೊಳ್ಳುವುದು ಅವನ ಕನಿಷ್ಠ ಕರ್ತವ್ಯ.

ಇನ್ನು ಕೊಳ್ಳುವವನ ವಿಷಯ. ಬೇಯಿಸಿದ ಕಾರ್ಡನ್ನು ಒಂದು ಗಂಟೆಯ ಕಾಲ ನಡೆಸಿ ತೋರಿಸಿ, “ನೋಡಿ, ಚೆನ್ನಾಗಿದೆ” ಎಂದು ಮಾರುವವನು ಸುಳ್ಳು ಹೇಳಿದನೆ? ಅವನ ಮಾತಿನ ಒಂದೊಂದು ಅಕ್ಷರವೂ ನಿಜ; ಕಾರ್ಡು ಕಣ್ಣೆದುರಿಗೇ ನಡೆಯುತ್ತಿದೆ. ಈ ಬಗೆಯ ತೊಡಕು ಹೊಸದಲ್ಲ. ರೋಮಿನ ಸಿಸಿರೋ ಕ್ರಿಸ್ತಪೂರ್ವ ೪೪ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ದೋಷವುಳ್ಳ ಮನೆಯೊಂದರ ಮಾರಾಟವನ್ನು ಎತ್ತಿಕೊಂಡು, ಇಬ್ಬರು ಗ್ರೀಕ್ ತತ್ವಜ್ಞರ ವಾದಗಳನ್ನು ಎದುರುಬದುರಾಗಿ ನಿಲ್ಲಿಸುತ್ತಾನೆ. ಸುಳ್ಳನ್ನು ಹೇಳದಿದ್ದರೆ ಸಾಕು, ಎಲ್ಲವನ್ನೂ ಹೇಳಬೇಕಾದುದಿಲ್ಲ ಎಂದು ಡಯೋಜಿನೀಸನ ಪಕ್ಷ. ಮಾರುವವನಿಗೆ ತಿಳಿದ ದೋಷವು ಕೊಳ್ಳುವವನಿಗೂ ತಿಳಿಯಲೇಬೇಕು ಎಂದು ಆಂಟಿಪೇಟರನ ಪಕ್ಷ. ತನ್ನ ಲಾಭಕ್ಕಾಗಿ ಮುಚ್ಚಿಡುವುದು ಸಜ್ಜನನ ನಡತೆಯಲ್ಲವೆಂದು ಸಿಸಿರೋ ತೀರ್ಮಾನಿಸುತ್ತಾನೆ.

ನಮ್ಮ ಧರ್ಮಶಾಸ್ತ್ರವು ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ಹಿಡಿದಿದೆ. ಕೊಂಡವನು ವಸ್ತುವನ್ನು ಪರೀಕ್ಷಿಸಿ ಹಿಂದಿರುಗಿಸುವುದಕ್ಕೆ ಯಾಜ್ಞವಲ್ಕ್ಯ ಸ್ಮೃತಿಯು ಬೇರೆ ಬೇರೆ ಅವಧಿಗಳನ್ನು ಕೊಟ್ಟಿದೆ: ಬೀಜಕ್ಕೆ ೧೦ ದಿನ, ಕಬ್ಬಿಣಕ್ಕೆ ೧ ದಿನ, ಹೊರುವ ಎಳೆಯುವ ಪ್ರಾಣಿಗಳಿಗೆ ೫ ದಿನ, ರತ್ನಗಳಿಗೆ ೭ ದಿನ, ಕರೆಯುವ ಹಸುವಿಗೆ ೩ ದಿನ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯು ವ್ಯಾಖ್ಯಾನಿಸುವುದು ಈ ಸ್ಮೃತಿಯನ್ನೇ. ಈ ಅಂಕೆಗಳನ್ನು ನೋಡಿದರೆ ಅವುಗಳ ಹಿಂದೆ ಒಂದು ಸೂಕ್ಷ್ಮವಾದ ವಿವೇಕವು ಕಾಣುತ್ತದೆ. ಪ್ರತಿಯೊಂದು ವಸ್ತುವೂ ತನ್ನ ದೋಷವನ್ನು ಹೊರಗೆಡಹುವುದಕ್ಕೆ ತನ್ನದೇ ಆದ ಕಾಲವನ್ನು ತೆಗೆದುಕೊಳ್ಳುತ್ತದೆ. ಕಬ್ಬಿಣವು ಒಂದು ದಿನದಲ್ಲಿ ಗುಟ್ಟು ಬಿಡುತ್ತದೆ. ಬೀಜವು ಮೊಳೆಯುವವರೆಗೆ ಬಾಯಿ ಬಿಡುವುದಿಲ್ಲ. ಬೇಯಿಸಿದ ಕಾರ್ಡು ಬೀಜಕ್ಕಿಂತಲೂ ಗುಟ್ಟಿನದು. ಅದರ ದೋಷವು ಹೊರಬೀಳಲು ವಾರಗಳು, ತಿಂಗಳುಗಳು ಬೇಕು. ಒಂದು ಗಂಟೆ ನಡೆಸಿ ತೋರಿಸುವುದು ಬೀಜವನ್ನು ಅಂಗೈಯಲ್ಲಿ ಹಿಡಿದು ತೋರಿಸಿದಂತೆ. ಮಾರುವವನಿಗೆ ಇದು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದರ ಮೇಲೆಯೇ ಬೆಲೆಯು ನಿಂತಿದೆಯಾದರೆ ಆ ಬೆಲೆಯು ನ್ಯಾಯವಾದುದಲ್ಲ, ಆಡಿದ ಮಾತುಗಳೆಲ್ಲ ನಿಜವಾಗಿದ್ದರೂ.

ಹಾಗೆಂದು ತಾತ್ಕಾಲಿಕವಾದ ಕೆಲಸವೆಲ್ಲವೂ ಮೋಸವೆಂದು ನಾವು ಹೇಳುವುದಿಲ್ಲ. ಕಲಾಯಿಯವನನ್ನು ನೋಡಿ. ಅವನೂ ಬೆಂಕಿಯನ್ನು ಊದಿ, ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಉಜ್ಜಿ, ಅದೇ ತವರವನ್ನೇ ಬಳಿಯುತ್ತಾನೆ. ಅವನ ಕಲಾಯಿಯೂ ಶಾಶ್ವತವಲ್ಲ. ಕೆಲವು ತಿಂಗಳಲ್ಲಿ ಸವೆದು ಹಿತ್ತಾಳೆಯು ಮತ್ತೆ ಇಣುಕುತ್ತದೆ. ಆದರೂ ಅವನನ್ನು ಯಾರೂ ವಂಚಕನೆಂದು ಬೈಯಲಿಲ್ಲ. ಏಕೆಂದರೆ ಕಲಾಯಿಯ ಆಯುಷ್ಯವೆಷ್ಟೆಂಬುದು ಅವನಿಗೆ ತಿಳಿದಷ್ಟೇ ಗೃಹಿಣಿಗೂ ತಿಳಿದಿತ್ತು. ಕೂಲಿಯೂ ಅದಕ್ಕೆ ತಕ್ಕಂತಿತ್ತು. ಆಯುರ್ವೇದದಲ್ಲಿ ರೋಗಗಳನ್ನು ಸಾಧ್ಯ, ಅಸಾಧ್ಯಗಳೆಂದು ವಿಂಗಡಿಸುವಾಗ ಯಾಪ್ಯವೆಂಬ ಒಂದು ವರ್ಗವನ್ನು ಹೇಳುತ್ತಾರೆ. ಔಷಧವಿರುವವರೆಗೆ ಅಡಗಿರುತ್ತದೆ, ಬಿಟ್ಟರೆ ಮರಳುತ್ತದೆ, ವಾಸಿಯಾಗುವುದಿಲ್ಲ. ಯಾಪ್ಯಕ್ಕೆ ಚಿಕಿತ್ಸೆ ಮಾಡುವ ವೈದ್ಯನಲ್ಲಿ ತಪ್ಪಿಲ್ಲ. ಯಾಪ್ಯವನ್ನು ಸಾಧ್ಯವೆಂದು ಹೇಳಿ ಹಣ ತೆಗೆದುಕೊಳ್ಳುವವನಲ್ಲಿ ತಪ್ಪಿದೆ. ಬೇಯಿಸಿದ ಕಾರ್ಡು ಯಾಪ್ಯವು. ಆ ಹೆಸರಿನಿಂದ ಅದನ್ನು ಕರೆದು ಕೊಟ್ಟರೆ ಎಲ್ಲ ತೊಡಕೂ ಬಿಡುತ್ತದೆ.

ಆದುದರಿಂದ ದುರಸ್ತಿಯೆಂಬ ಶಬ್ದವನ್ನು ನಾವು ಸ್ವಲ್ಪ ಬಿಗಿಯಾಗಿ ಬಳಸಬೇಕಾಗಿದೆ. ವಸ್ತುವು ನಡೆಯುತ್ತಿದೆಯೆಂಬುದು ಕಣ್ಣು ಹೇಳುವ ಸಂಗತಿ. ವಸ್ತುವು ದುರಸ್ತಾಗಿದೆಯೆಂಬುದು ಮಾಡಿದವನು ಕೊಡುವ ಮಾತು. ಕೆಟ್ಟುದು ಏಕೆಂದು ತಿಳಿದಿದ್ದೇನೆ, ಆ ಕಾರಣವನ್ನು ತೆಗೆದಿದ್ದೇನೆ ಎಂದು ಅದರರ್ಥ. ಇಲ್ಲಿ ಕಾರಣವು ಚಿಪ್ಪಿನ ಒಳಗಿದ್ದರೆ, ಆ ಚಿಪ್ಪನ್ನು ತಕ್ಕ ಉಪಕರಣದಿಂದ ಎತ್ತಿ, ದೋಷವಿಲ್ಲದ ಹೊಸ ಚಿಪ್ಪನ್ನು ಕೂರಿಸುವುದೊಂದೇ ದುರಸ್ತಿ. ಹಳೆಯ ಚಿಪ್ಪನ್ನೇ ಕಿತ್ತು, ಅಡಿಯ ಗುಂಡುಗಳನ್ನು ಮಾತ್ರ ಹೊಸದಾಗಿ ಹಾಕಿ ಕೂರಿಸಿದರೂ ಒಳಗಿನ ಬಿರುಕು ಬಿರುಕಾಗಿಯೇ ಉಳಿಯುತ್ತದೆ. ಕಾರಣವು ತಿಳಿಯದವನು ತನ್ನ ಅಜ್ಞಾನದಿಂದ ತಾನು ಲಾಭ ಪಡೆಯಬಹುದು. ಅದನ್ನು ಜ್ಞಾನವೆಂದು ಹೆಸರಿಟ್ಟು ಮತ್ತೊಬ್ಬನಿಗೆ ದಾಟಿಸಬಾರದು.

ಈ ನಿಯಮವು ಮನೆಯಲ್ಲಿ ಬೇಯಿಸುವ ಸಾಮಾನ್ಯನಿಗೆ ಮಾತ್ರ ಸಲ್ಲುವುದಾದರೆ ಅದು ಅನ್ಯಾಯವಾದೀತು. ಯಂತ್ರವನ್ನು ಮಾಡಿ ಮಾರುವ ದೊಡ್ಡವರಿಗೆ ಅದು ಮೊದಲು ಸಲ್ಲಬೇಕು. ೨೦೦೮ರ ಜುಲೈಯಲ್ಲಿ ಎನ್‌ವಿಡಿಯಾ ಸಂಸ್ಥೆಯು ಲ್ಯಾಪ್‌ಟಾಪುಗಳಿಗಾಗಿ ತಾನು ಮಾಡಿದ ಕೆಲವು ಚಿಪ್ಪುಗಳಲ್ಲಿ ಬಿಲ್ಲೆಯನ್ನು ಕೂರಿಸಲು ಬಳಸಿದ ಸಾಮಗ್ರಿಯೇ ದುರ್ಬಲವಾಗಿದ್ದು, ಅವು ಹೆಚ್ಚಾಗಿ ಕೆಡುತ್ತಿವೆಯೆಂದು ತಿಳಿಸಿ, ಅದಕ್ಕಾಗಿ ೧೫ ಕೋಟಿಯಿಂದ ೨೦ ಕೋಟಿ ಡಾಲರುಗಳನ್ನು ಎತ್ತಿಟ್ಟಿತು. ಗ್ರಾಹಕರು ಹೂಡಿದ ದಾವೆಯು ೨೦೧೦ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ರಾಜಿಯಾಯಿತು. ದೋಷವು ತಯಾರಿಕೆಯಲ್ಲಿದ್ದಾಗ ಅದರ ಫಲವನ್ನು ಉಣ್ಣುವವನು ಕೊಂಡವನು. ಹೊಣೆಯ ಅವಧಿ ಮುಗಿದ ಮೇಲೆ ಬಿಡಿಭಾಗವನ್ನು ಮಾರದೆ, ನಕ್ಷೆಯನ್ನು ಕೊಡದೆ, “ಹೊಸದನ್ನು ಕೊಳ್ಳಿ” ಎಂದು ಮಾತ್ರ ಹೇಳುವ ವ್ಯಾಪಾರಕ್ರಮವೇ ಜನರನ್ನು ಓವನ್ನಿನ ಕಡೆಗೆ ತಳ್ಳುತ್ತದೆ. ನಿಜವಾದ ದುರಸ್ತಿಯ ಬಾಗಿಲನ್ನು ಮುಚ್ಚಿದವರಿಗೆ ಕಿಟಕಿಯಿಂದ ನುಗ್ಗಿದವನನ್ನು ನೋಡಿ ನಗುವ ಅಧಿಕಾರವಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ ೨೦೨೨ರಲ್ಲಿ ಪ್ರಪಂಚದಲ್ಲಿ ಎಸೆದ ವಿದ್ಯುದುಪಕರಣಗಳ ತೂಕವು ೬ ಕೋಟಿ ೨೦ ಲಕ್ಷ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದುದಾಗಿ ದಾಖಲೆಯಿರುವುದು ನೂರಕ್ಕೆ ೨೨.೩ ಮಾತ್ರ. ಇಷ್ಟು ದೊಡ್ಡ ತಿಪ್ಪೆಯ ಮುಂದೆ ನಿಂತು, ಒಂದು ಕಾರ್ಡನ್ನು ಉಳಿಸಹೊರಟವನ ಆಸೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ.

ಆ ಆಸೆಯು ಒಳ್ಳೆಯದು; ಅದಕ್ಕೆ ಸತ್ಯದ ಜೊತೆಯೊಂದು ಬೇಕು. ಬೇಯಿಸಿದ ಕಾರ್ಡನ್ನು ಮಾರುವ ಅಥವಾ ಗೆಳೆಯನಿಗೆ ಕೊಡುವ ಸಂದರ್ಭ ಬಂದರೆ ಅದರೊಡನೆ ಒಂದು ಚೀಟಿಯನ್ನು ಬರೆದಿಡುವುದು ಕಷ್ಟವಲ್ಲ: “ಈ ಕಾರ್ಡು ಒಮ್ಮೆ ಸತ್ತಿತ್ತು. ಓವನ್ನಿನಲ್ಲಿ ಕಾಯಿಸಿದ ಮೇಲೆ ಎರಡು ತಿಂಗಳಿನಿಂದ ನಡೆಯುತ್ತಿದೆ. ಇನ್ನೆಷ್ಟು ದಿನ ನಡೆದೀತೆಂದು ಹೇಳಲಾರೆ.” ಈ ಮೂರು ವಾಕ್ಯಗಳಿಂದ ಬೆಲೆಯು ಇಳಿಯುವುದು ನಿಶ್ಚಯ. ಆದರೆ ಅದನ್ನು ಓದಿಯೂ ಕೊಳ್ಳುವ ಬಡ ವಿದ್ಯಾರ್ಥಿಯು ತಾನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿದು ಕೊಳ್ಳುತ್ತಾನೆ, ತನಗೆ ಎಟುಕುವ ಬೆಲೆಗೆ ಕೊಳ್ಳುತ್ತಾನೆ. ಮುಂದೊಂದು ರಾತ್ರಿ ಅವನ ತೆರೆಯು ಕತ್ತಲೆಯಾದಾಗ ನಷ್ಟವಾದೀತೇ ಹೊರತು ತಾನು ಮೋಸಹೋದೆನೆಂಬ ನೋವು ಅವನಿಗಿರದು.